ಕೊಟ್ಟದ್ದೋ, ಕೊಂಡದ್ದೋ

ಹಿರಿಯರು ಅರವತ್ತು ಎಪ್ಪತ್ತು ವರ್ಷ ನಂಬಿಕೊಂಡು, ಹೇಳಿಕೊಂಡು, ಹೆಮ್ಮೆಪಟ್ಟುಕೊಂಡು ಬಂದ ಒಂದು ಮಾತು ನಿಜವಲ್ಲವೆಂದು ನಮಗೆ ಗೊತ್ತಾದರೆ ಅದನ್ನು ಅವರ ಮುಂದೆ ಆಡಬೇಕೇ, ಬೇಡವೇ? ಈ ಪ್ರಶ್ನೆ ಬಂದಾಗ ನಾವು ಹೆಂಗಸರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ. ‘ಹೋಗಲಿ ಬಿಡಿ, ವಯಸ್ಸಾದವರು, ಅವರ ಮನಸ್ಸನ್ನು ಯಾಕೆ ನೋಯಿಸಬೇಕು?’ ಎಷ್ಟೋ ಮನೆಗಳಲ್ಲಿ ಎಷ್ಟೋ ಜಗಳಗಳು ಈ ಒಂದು ಮಾತಿನಿಂದ ತಪ್ಪಿವೆ. ಅದಕ್ಕೆ ನಾನು ವಿರೋಧಿಯಲ್ಲ. ಆದರೆ ಒಂದು ಹಳೆಯ ಕೋವಿಯ ದೆಸೆಯಿಂದ, ಈ ಉತ್ತರ ನಾವು ಅಂದುಕೊಂಡಷ್ಟು ಸಲೀಸಲ್ಲ ಎಂದು ನನಗೆ ಅನ್ನಿಸಿದೆ.

ಕೋವಿಯ ವಿಷಯ ಹೆಂಗಸರಿಗೇಕೆ ಎನ್ನಬೇಡಿ. ನಮ್ಮ ಕೊಳ್ಳೇಗಾಲ ಸೀಮೆಯ ಹೆಂಗಸರಿಗೆ ಆ ಪದ ಹೊಸದಲ್ಲ. 1992ರಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಗೇ ನುಗ್ಗಿ ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದ ಕಾಲದಿಂದ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ಎಳೆದೊಯ್ದ ಕಾಲದವರೆಗೆ, ಕತ್ತಲಾದ ಮೇಲೆ ಮಕ್ಕಳು ಪಟಾಕಿ ಹೊಡೆದರೂ ಎದೆ ಹಾರುತ್ತಿದ್ದ ದಿನಗಳನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ಲೈಸೆನ್ಸಿನ ಕೋವಿ ಇದ್ದವರು ಆಗ ಅದರ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮಾಂಬಳ್ಳಿಯ ನಮ್ಮ ಸೋದರಮಾವನ ಮನೆಯಲ್ಲೂ ಹಾಗೆಯೇ. ಚುನಾವಣೆ ಬಂದರೆ ಕೋವಿ ಠಾಣೆಗೆ ಹೋಗಿ ಠೇವಣಿಯಾಗುವುದು, ಫಲಿತಾಂಶ ಬಂದ ಮೇಲೆ ಮನೆಗೆ ವಾಪಸ್ಸು. ವರ್ಷಕ್ಕೊಂದು ಸಲ ಮಾತ್ರ, ಆಯುಧಪೂಜೆಯ ದಿನ, ಅದು ನಡುಮನೆಗೆ ಬರುತ್ತಿತ್ತು.

ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ನಿಂಬೆಹಣ್ಣು ನಿವಾಳಿಸಿ, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುವರು. ನಮ್ಮ ಮುತ್ತಜ್ಜ ಆನೆ ಹಿಡಿಯುವ ಸ್ಯಾಂಡರ್ಸನ್ ದೊರೆಗೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ದಾರಿ ತೋರಿಸಿದವನು. ಮೈಮೇಲೆ ಬಂದ ಒಂಟಿಸಲಗಕ್ಕೆ ಎದೆಗೊಟ್ಟು ನಿಂತವನು. ಮೆಚ್ಚಿದ ದೊರೆ ತನ್ನ ಕೈಯ ಜೋಡುನಳಿಗೆ ಕೋವಿಯನ್ನೇ ಬಿಚ್ಚಿಕೊಟ್ಟ. ಅತ್ತೆ ಹದಿನೇಳನೆಯ ವಯಸ್ಸಿನಲ್ಲಿ ಆ ಮನೆಗೆ ಸೊಸೆಯಾಗಿ ಬಂದವರು. ಈಗ ಎಂಬತ್ತನಾಲ್ಕು. ಅಂದರೆ ಆ ಕಥೆಯನ್ನು ಅರವತ್ತೇಳು ಸಲವಾದರೂ ಹೇಳಿದ್ದಾರೆ.

ಕಥೆಗೆ ನೆಲೆಯೇ ಇಲ್ಲ ಎನ್ನುವಂತಿಲ್ಲ. ಜಾರ್ಜ್ ಪೆರೆಸ್ ಸ್ಯಾಂಡರ್ಸನ್ ಮೈಸೂರು ಸರ್ಕಾರದ ನೌಕರಿಯಲ್ಲಿದ್ದವನು. 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ತೋಡಿಸಿ ಆನೆಗಳ ಹಿಂಡನ್ನೇ ಹಿಡಿದವನು. 1878ರಲ್ಲಿ ಅವನು ಬರೆದ ಪುಸ್ತಕದಲ್ಲಿ ನಮ್ಮ ಹೊನ್ನುಹೊಳೆ, ಬಿಳಿಗಿರಿರಂಗನ ಬೆಟ್ಟ, ಸೋಲಿಗರು ಎಲ್ಲರೂ ಬರುತ್ತಾರೆ. ಕಿಪ್ಲಿಂಗ್ ಬರೆದ ಆನೆಯ ಕಥೆಯ ಪೀಟರ್ಸನ್ ಸಾಹೇಬನಿಗೆ ಇವನೇ ಮಾದರಿ ಎನ್ನುತ್ತಾರೆ. ಯಳಂದೂರು ಆಗ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಕೊಟ್ಟ ಜಹಗೀರು; ಮಾಂಬಳ್ಳಿಯ ಗದ್ದೆಬಯಲಿನಲ್ಲಿ ನಿಂತು ನೋಡಿದರೆ ಅವನು ಓಡಾಡಿದ ಬೆಟ್ಟವೇ ಕಾಣುತ್ತದೆ. ನಮ್ಮ ಊರಿನ ಒಬ್ಬ ಪಟೇಲನಿಗೂ ಅವನಿಗೂ ಪರಿಚಯವಿರಲಿಲ್ಲ ಎಂದು ಯಾರು ತಾನೆ ಹೇಳಬಲ್ಲರು?

ನಾಲ್ಕು ವರ್ಷದ ಹಿಂದೆ ಮಾವ ತೀರಿಕೊಂಡರು. ಲೈಸೆನ್ಸು ಅವರ ಹೆಸರಿನಲ್ಲಿತ್ತು. ಲೈಸೆನ್ಸುದಾರ ಹೋದ ಮೇಲೆ ಕೋವಿಯನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಬೇಕು. ಮಾವನ ಮಗ ಅದನ್ನು ಮೈಸೂರಿನ ಒಂದು ಅಂಗಡಿಯಲ್ಲಿ ಠೇವಣಿ ಇಟ್ಟ. ಹಳೆಯದೆಂಬ ಮಾತ್ರಕ್ಕೆ ಲೈಸೆನ್ಸಿನ ರಗಳೆ ತಪ್ಪುವುದಿಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಅದು ಮತ್ತೆ ಹಾರಿಸಲು ಬಾರದ ಪುರಾತನ ವಸ್ತುವಾಗಿರಬೇಕು. ನಮ್ಮದು ಚೆನ್ನಾಗಿಯೇ ಹಾರುವ ಸ್ಥಿತಿಯಲ್ಲಿತ್ತು. ಅಷ್ಟರಲ್ಲಿ ಲೈಸೆನ್ಸುಳ್ಳ ಸಂಗ್ರಹಕಾರರೊಬ್ಬರು ಅದನ್ನು ಕೊಳ್ಳಲು ಮುಂದೆ ಬಂದರು. ಅವರ ಷರತ್ತು ಒಂದೇ: ಇದು ಸ್ಯಾಂಡರ್ಸನ್ನನ ಕೋವಿ ಎಂದು ಮನೆತನದವರು ಒಂದು ಕಾಗದ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಬೆಲೆಯೇ ಬೇರೆ.

‘ಅತ್ತಿಗೆ, ನೀವು ಚರಿತ್ರೆ ಪಾಠ ಹೇಳಿದವರು, ಬನ್ನಿ. ಒಂದು ಸಲ ನೋಡಿ ಕಾಗದ ಬರೆದುಕೊಡಿ’ ಎಂದು ಅವನು ನನ್ನನ್ನು ಕರೆದುಕೊಂಡು ಹೋದ.

ಅಂಗಡಿಯ ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಕೋವಿಯನ್ನು ಒಂದು ಹಳೆಯ ಕಂಬಳಿಯ ಮೇಲೆ ಮಲಗಿಸಿ, ನಳಿಗೆಯ ಕೆಳಗಿನ ಮರದ ತುಂಡನ್ನು ಕಳಚಿ, ನಳಿಗೆಗಳನ್ನು ಬಗ್ಗಿಸಿ ಕೊಂಡಿಯಿಂದ ಬಿಡಿಸಿ, ಮೂರು ಭಾಗ ಮಾಡಿ ಇಟ್ಟರು. ಅಷ್ಟು ವರ್ಷ ಚೆಂಡುಹೂವಿನ ಕೆಳಗೆ ಕಂಡ ಕೋವಿ ಇಷ್ಟು ಸುಲಭವಾಗಿ ಮೂರಾಗುತ್ತದೆಂದು ನನಗೆ ತಿಳಿದಿರಲಿಲ್ಲ.

‘ಮೇಲೆ ಬರೆದಿರೋದನ್ನ ಮೊದಲು ನಂಬಬೇಡಿ ತಾಯಿ’ ಎಂದರು ಮೇಸ್ತ್ರಿ. ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಮದರಾಸಿನ ಪಿ. ಆರ್ ಅಂಡ್ ಸನ್ಸ್ ಎಂದು ಚಂದದ ಅಕ್ಷರದಲ್ಲಿ ಕೊರೆದಿತ್ತು. ಗಡಿಯಾರ, ಒಡವೆಗಳಿಗೆ ಹೆಸರಾದ ಅಂಗಡಿ ಅದು, ಕೋವಿಗಳನ್ನೂ ಮಾರುತ್ತಿತ್ತು. ಹೆಸರು ಮಾರಿದವರದು, ಮಾಡಿದವರದಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ನಳಿಗೆ ಮಾಡುವವನೊಬ್ಬ, ಒಳಗಿನ ಬೀಗದಂಥ ಯಂತ್ರವನ್ನು ಅರದಿಂದ ಉಜ್ಜಿ ಕೂರಿಸುವವನೊಬ್ಬ, ಮರ ಕೆತ್ತುವವನೊಬ್ಬ, ಹೂಬಳ್ಳಿ ಕೊರೆಯುವವನೊಬ್ಬ. ಎಲ್ಲ ಮುಗಿದ ಮೇಲೆ ಕಲ್ಕತ್ತೆಯದೋ ಮದರಾಸಿನದೋ ಅಂಗಡಿಯ ಹೆಸರನ್ನು ಮೇಲೆ ಬರೆದು ಹಡಗಿಗೆ ಹಾಕುವುದು. ಮರದ ಅಡಿಯಲ್ಲಿ, ಹೊರಗೆ ಕಾಣದ ಕಬ್ಬಿಣದ ಮೈಮೇಲೆ ಯಾರೋ ಕೆಲಸಗಾರರು ಒತ್ತಿದ ಒಂದೆರಡು ಪುಟ್ಟ ಅಕ್ಷರಗಳನ್ನು ಮೇಸ್ತ್ರಿ ಭೂತಗನ್ನಡಿ ಹಿಡಿದು ತೋರಿಸಿದರು. ಮಾಡಿದವರು ಉಳಿಸಿಹೋದ ಹೆಸರು ಅಷ್ಟೇ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್, ರಿಗ್ಬಿಯಂಥ ದೊಡ್ಡ ಮನೆಗಳ ಕೋವಿಯಾಗಿದ್ದರೆ ಅದರ ಅನುಕ್ರಮ ಸಂಖ್ಯೆಯನ್ನು ಅವರ ಹಳೆಯ ಲೆಡ್ಜರಿನಲ್ಲಿ ಹುಡುಕಿಸಿ, ಯಾವ ದಿನ ಯಾರಿಗೆ ಮಾರಿದ್ದೆಂದು ತಿಳಿಯಬಹುದಂತೆ. ನಮ್ಮದಕ್ಕೆ ಆ ಭಾಗ್ಯವಿರಲಿಲ್ಲ. ಬೇರೆ ದಾರಿ ಹಿಡಿಯಬೇಕಾಯಿತು.

ಒಡವೆ ಕೊಳ್ಳುವಾಗ ನಾವು ಹಾಲ್‌ಮಾರ್ಕ್ ನೋಡುತ್ತೇವಲ್ಲ, ಕೋವಿಗೂ ಅಂಥದ್ದೇ ಮುದ್ರೆಗಳಿವೆ. ಇಂಗ್ಲೆಂಡಿನಲ್ಲಿ ಯಾವ ಕೋವಿಯನ್ನೂ ಪರೀಕ್ಷೆ ಮಾಡದೆ ಮಾರುವಂತಿಲ್ಲ. ಲಂಡನ್ನಿನಲ್ಲೊಂದು, ಬರ್ಮಿಂಗ್‌ಹ್ಯಾಮಿನಲ್ಲೊಂದು ಪರೀಕ್ಷಾಗೃಹ. ಬರ್ಮಿಂಗ್‌ಹ್ಯಾಮಿನದು ಶುರುವಾದದ್ದು 1813ರಲ್ಲಿ. ಅಲ್ಲಿ ಬೇಕೆಂದೇ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ಸೀಳದೆ ಉಳಿದರೆ ಕಿರೀಟದ ಚಿಹ್ನೆಯೊಡನೆ ಅಕ್ಷರಗಳನ್ನು ಒತ್ತುತ್ತಾರೆ. ಆ ಅಕ್ಷರಗಳು ಕಾಲಕಾಲಕ್ಕೆ ಬದಲಾಗಿವೆ. ಬದಲಾದ ವರ್ಷಗಳು ಗೊತ್ತಿದ್ದರೆ ಕೋವಿಯ ವಯಸ್ಸೂ ಗೊತ್ತಾದಂತೆಯೇ.

ನಮ್ಮ ನಳಿಗೆಯ ಅಡಿಯಲ್ಲಿ ಕಿರೀಟದ ಕೆಳಗೆ ಬಿಪಿ, ಬಿವಿ, ಎನ್‌ಪಿ ಎಂಬ ಮೂರು ಮುದ್ರೆಗಳಿದ್ದವು. ಎನ್‌ಪಿ ಎಂದರೆ ನೈಟ್ರೋ ಪ್ರೂಫ್, ಹೊಗೆಯಿಲ್ಲದ ಹೊಸ ಮದ್ದಿಗೆ ತಡೆಯುವ ನಳಿಗೆ ಎಂದರ್ಥ. ಬರ್ಮಿಂಗ್‌ಹ್ಯಾಮಿನವರು ಈ ಮೂರು ಮುದ್ರೆಗಳನ್ನು ಒತ್ತಲು ತೊಡಗಿದ್ದು 1904ರಲ್ಲಿ. ಅಷ್ಟು ಕೇಳಿದ್ದೇ ಮಾವನ ಮಗ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಸ್ಯಾಂಡರ್ಸನ್ ಸತ್ತದ್ದು 1892ರಲ್ಲಿ.

ಮೇಸ್ತ್ರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ಅವರು ಉತ್ಸಾಹದಿಂದ ಮುಂದುವರಿಸಿದರು. ನಳಿಗೆಯೊಳಗೆ ಬೆಳಕು ಬಿಟ್ಟು ತೋರಿಸಿದರು. ಬಾಚಣಿಗೆಯಲ್ಲಿ ಎಳೆದಂತೆ ಸುರುಳಿಸುರುಳಿಯಾದ ಗೀರು. ನಮ್ಮ ಹಳ್ಳಿಗಳ ಜೋಡುನಳಿಗೆಗಳು ಬಹುಪಾಲು ಚರೆ ಹಾರಿಸುವವು, ಒಳಗೆ ನುಣ್ಣಗಿರುತ್ತವೆ. ಗೀರು ಇರುವುದು ರೈಫಲ್ಲು, ಒಂಟಿ ಗುಂಡಿನದು. ಜೋಡುನಳಿಗೆಯ ರೈಫಲ್ಲು ಮಾಡುವುದು ಬಹಳ ಕಷ್ಟದ ಕೆಲಸವಂತೆ. ಎರಡು ನಳಿಗೆಯ ಗುಂಡೂ ಒಂದೇ ಕಡೆ ಹೋಗಿ ಬೀಳುವ ಹಾಗೆ ಹಾರಿಸಿ ಹಾರಿಸಿ ನೋಡಿ ಬೆಸೆಯಬೇಕು. ಮೈಮೇಲೆ ಬಂದ ಪ್ರಾಣಿಗೆ ಎರಡನೆಯ ಈಡು ತಡವಿಲ್ಲದೆ ಹೊಡೆಯಲೆಂದು ಇದು ಬೇಕು. ಕಾರ್ಡೈಟ್ 75-500 ಎಂದು ಇನ್ನೊಂದು ಬರಹ. ಎಪ್ಪತ್ತೈದು ಗ್ರೇನ್ ಮದ್ದು, ಐನೂರು ಗ್ರೇನ್ ಗುಂಡು, ಅದಕ್ಕಿಂತ ಹೆಚ್ಚು ಬೇಡ. ನಮ್ಮ ಲೆಕ್ಕದಲ್ಲಿ ಗುಂಡು ಸುಮಾರು ಎರಡೂಮುಕ್ಕಾಲು ತೊಲ. ಒಂದು ಜೊತೆ ಒಳ್ಳೆಯ ಬಳೆಯ ತೂಕ. ಕಾರ್ಡೈಟ್ ಎಂಬ ಮದ್ದನ್ನು ಕಂಡುಹಿಡಿದದ್ದೇ 1889ರಲ್ಲಿ. ಸ್ಯಾಂಡರ್ಸನ್ ಆನೆಗೆ ಹಿಡಿಯುತ್ತಿದ್ದದ್ದು ಕಪ್ಪು ಮದ್ದಿನ, ಉಕ್ಕಡಗದ ಹೊಗೆಯ, ಭಾರಿ ಬೋರಿನ ಕೋವಿಗಳನ್ನು. ಇದು ಆ ಜಾತಿಯೇ ಅಲ್ಲ.

ಬೋರು .470. ಇದಕ್ಕೊಂದು ಹಿನ್ನೆಲೆಯಿದೆ. ಮೊದಲು .450 ಬೋರಿನ ರೈಫಲ್ಲುಗಳೇ ಹೆಚ್ಚು ಚಾಲ್ತಿಯಲ್ಲಿದ್ದವು. ಸೈನ್ಯದ ಹಳೆಯ ಮಾರ್ಟಿನಿ ಹೆನ್ರಿ ಬಂದೂಕಿನ ಬೋರೂ ಅದೇ ಆಗಿದ್ದರಿಂದ, ತೋಟಾ ದಂಗೆಕೋರರ ಕೈಗೆ ಸಿಕ್ಕೀತೆಂದು ಹೆದರಿ 1907ರ ಸುಮಾರಿಗೆ ಸರ್ಕಾರ ಆ ಬೋರು ಹಿಂದೂಸ್ಥಾನಕ್ಕೆ ಬರುವುದನ್ನೇ ನಿಲ್ಲಿಸಿತು. ಶಿಕಾರಿಗೆ ಅಡ್ಡಿಯಾಗಬಾರದಲ್ಲ! ತಯಾರಕರು ಒಂದಿಷ್ಟು ಅಳತೆ ಹೆಚ್ಚಿಸಿ .465, .470, .475 ಎಂದು ಹೊಸ ಬೋರುಗಳನ್ನು ಹೊರಡಿಸಿದರು. ಹುಲಿ ಹೊಡೆಯುವವರಿಗೆ ಒಂದು ಬೋರು, ಹೆದರಿದ ಸರ್ಕಾರಕ್ಕೆ ಒಂದು ಸಮಾಧಾನ. ಅಂದರೆ ನಮ್ಮ ಕೋವಿ 1907ರ ಈಚಿನದು. ಇತ್ತ ಕಡೆಯ ಮೇರೆ? 1921ರಿಂದ ಬರ್ಮಿಂಗ್‌ಹ್ಯಾಮಿನಲ್ಲಿ ವರ್ಷಕ್ಕೊಂದು ಅಕ್ಷರದ ಗುರುತು ಒತ್ತುವ ಕ್ರಮ ಬಂತು, ನಮ್ಮದರಲ್ಲಿ ಅದಿಲ್ಲ. 1914ರಿಂದ ಯುದ್ಧ, ಆಗ ಅಲ್ಲಿಯ ಕೆಲಸಗಾರರೆಲ್ಲ ಸೈನ್ಯದ ಕೆಲಸಕ್ಕೆ ತೊಡಗಿದ್ದರು. ‘ಏಳರಿಂದ ಹದಿನಾಲ್ಕರ ಒಳಗೆ ಇಟ್ಟುಕೊಳ್ಳಿ ತಾಯಿ’ ಎಂದು ಮೇಸ್ತ್ರಿ ಕೋವಿಯನ್ನು ಮತ್ತೆ ಜೋಡಿಸಿದರು.

ಬಸ್ಸಿನಲ್ಲಿ ಬರುವಾಗ ಮಾವನ ಮಗ ಕಿಟಕಿಯ ಹೊರಗೆ ನೋಡುತ್ತ ಹೇಳಿದ: ‘ಅವ್ವನಿಗೆ ಹೇಳುವುದು ಬೇಡ ಅತ್ತಿಗೆ. ಇನ್ನೆಷ್ಟು ವರ್ಷ ಇರುತ್ತಾಳೆ!’ ನಾನೂ ಬೇಡ ಎಂದೇ ಅಂದೆ. ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ, ‘ಕಾಗದ?’

ತಾಯಿಗೆ ಹೇಳುವುದು ಬೇಡ, ಆದರೆ ಕಾಗದ ಬರೆಯುವುದು ಬೇಕು. ಒಂದೇ ಮಾತು, ಎರಡು ಜಾಗ. ನಡುಮನೆಯಲ್ಲಿ ಮೊಮ್ಮಕ್ಕಳ ಮುಂದೆ ಅತ್ತೆ ‘ದೊರೆ ಕೊಟ್ಟ ಕೋವಿ’ ಎಂದರೆ ಅದರಿಂದ ಯಾರ ಗಂಟೂ ಹೋಗುವುದಿಲ್ಲ. ಅದೇ ಮಾತನ್ನು ನಾನು ಬರೆದು ರುಜು ಹಾಕಿ ದುಡ್ಡು ತೆಗೆದುಕೊಂಡರೆ ಅದು ಮೋಸ. ಇದರಲ್ಲಿ ನನಗೆ ಅನುಮಾನವಿರಲಿಲ್ಲ, ಅವನಿಗೂ ಹಾಗೆಯೇ ಹೇಳಿದೆ. ಅವನು ಒಳ್ಳೆಯವನು, ಒಪ್ಪಿಕೊಂಡ. ಆದರೆ ನನ್ನನ್ನು ಕಾಡಿದ್ದು ಬೇರೆ. ಕೊಳ್ಳುವವನು ಅಪರಿಚಿತ, ಅವನಿಗೆ ಸತ್ಯ ಹೇಳುವುದು ನನ್ನ ಕರ್ತವ್ಯ. ಅತ್ತೆ ನನ್ನನ್ನು ಎತ್ತಿ ಆಡಿಸಿದವರು. ಅವರಿಗೆ ಹೇಳದಿರುವುದು ಪ್ರೀತಿ. ಹಾಗಾದರೆ ನಮಗೆ ಬೇಕಾದವರಿಗಿಂತ ಬೇಡಾದವರಿಗೇ ನಾವು ಹೆಚ್ಚು ಸತ್ಯವಂತರಾಗಿ ಇರುತ್ತೇವೆಯೇ? ವಯಸ್ಸಾದವರ ಮನಸ್ಸು ನೋಯಬಾರದು ಎನ್ನುವಾಗ, ಅವರಿಗೆ ಸತ್ಯವನ್ನು ತಾಳುವ ಶಕ್ತಿಯಿಲ್ಲ, ಯೋಚನೆ ಮಾಡುವ ಬುದ್ಧಿಯಿಲ್ಲ ಎಂದು ನಾವೇ ತೀರ್ಮಾನ ಕೊಟ್ಟಂತಾಗುತ್ತದೆ. ನನ್ನ ಮಕ್ಕಳು ನಾಳೆ ನನ್ನ ವಿಷಯದಲ್ಲಿ ಇಂಥ ಪ್ರೀತಿ ತೋರಿಸುವುದು ನನಗೆ ಬೇಕೇ ಎಂದು ಕೇಳಿಕೊಂಡೆ. ಬೇಡ ಅನ್ನಿಸಿತು. ಆದರೂ ನಾನಾಗಿ ಹೇಳಲು ಬಾಯಿ ಬರಲಿಲ್ಲ.

ಅತ್ತೆಯೇ ಕೇಳಿದರು. ಹಿತ್ತಲ ಕಡೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕುಳಿತಿದ್ದೆವು.

‘ಎಲ್ಲಾನೂ ಬಿಚ್ಚಿ ನೋಡಿದ್ರಂತಲ್ಲ ಅಮ್ಮಿ, ಏನ್ ಬರ್ದದೆ ಅದ್ರಲ್ಲಿ?’

ನೇರವಾಗಿ ಕೇಳಿದ ಮೇಲೆ ಸುಳ್ಳು ಹೇಳುವುದು ಬೇರೆಯೇ ಆಗುತ್ತದೆ. ಮುದ್ರೆ, ವರ್ಷ, ಮದ್ದು ಎಲ್ಲ ಹೇಳಿದೆ. ಸ್ಯಾಂಡರ್ಸನ್ ಸತ್ತು ಹದಿನೈದು ವರ್ಷವಾದರೂ ಆದಮೇಲೆ ಈ ಕೋವಿ ಹುಟ್ಟಿದ್ದು ಎಂದೆ. ಅತ್ತೆಯ ಕೈ ನಿಲ್ಲಲಿಲ್ಲ. ನಾಲ್ಕು ಕಾಯಿ ಸುಲಿದರು.

‘ಹಂಗಾದ್ರೆ ದೊರೆ ಕೊಟ್ಟದ್ದಲ್ಲ ಅನ್ನು.’

‘ಅಲ್ಲ ಅತ್ತೆ.’

‘ಕೊಟ್ಟದ್ದಲ್ಲಾಂದ್ರೆ ಕೊಂಡದ್ದು. ಕೊಂಡದ್ದಾದ್ರೆ ದುಡ್ಡು ಯಾರ್ದು?’

ಚರಿತ್ರೆ ಓದಿ ಬಂದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅತ್ತೆ ತಮ್ಮಷ್ಟಕ್ಕೆ ಎಂಬಂತೆ ಹೇಳಿದರು: ಅವರ ಅತ್ತೆ, ಅಂದರೆ ನಮ್ಮಜ್ಜಿ, ಮದುವೆಯಾಗಿ ಬಂದಾಗ ತನಗೆ ಬರಬೇಕಾಗಿದ್ದ ಒಂದು ಚಿನ್ನದ ಡಾಬಿನ ಮಾತು ಆಗಾಗ ಎತ್ತುತ್ತಿದ್ದರಂತೆ. ಮುತ್ತಜ್ಜಿಯ ತವರಿನವರು ಹಾಕಿದ್ದ ಡಾಬು. ಎಲ್ಲಿ ಹೋಯಿತೆಂದು ಕೇಳಿದರೆ ‘ಕಾಡಿಗೋಯ್ತು’ ಎನ್ನುತ್ತಿದ್ದರಂತೆ, ಅಷ್ಟೇ. ‘ನಾನು ಕಳ್ರು ಕಿತ್ಕೊಂಡ್ರೇನೋ ಅಂದ್ಕಂಡಿದ್ದೆ ಕಣಮ್ಮಿ. ಕಾಡಿಗೋಯ್ತು ಅಂದ್ರೆ ಕೋವಿಗೋಯ್ತು ಅಂತಲೋ ಏನೋ.’

ನಿಜ ಹೇಳುತ್ತೇನೆ, ನನಗೆ ಆ ಕ್ಷಣ ಸಂತೋಷವಾಯಿತು. ಮುತ್ತಜ್ಜಿಯ ಸೊಂಟದ ಚಿನ್ನ ಕರಗಿ ಮುತ್ತಜ್ಜನ ಹೆಗಲ ಮೇಲಿನ ಕೋವಿಯಾಯಿತು. ಆ ನಾಚಿಕೆಯನ್ನು ಮುಚ್ಚಲು ದೊರೆಯ ಉಡುಗೊರೆಯ ಕಥೆ ಹುಟ್ಟಿತು. ಆ ಕಥೆಯನ್ನು ಆ ಮನೆಯ ಸೊಸೆಯರೇ ತಲೆಮಾರಿನಿಂದ ತಲೆಮಾರಿಗೆ ಹೇಳಿಕೊಂಡು ಬಂದರು. ಎಷ್ಟು ಚೆನ್ನಾಗಿ ಕೂಡುತ್ತದೆ! ಮದರಾಸಿನ ಅಂಗಡಿಯ ಹೆಸರೂ ಕೂಡುತ್ತದೆ; ಪಕ್ಕದ ಕೊಳ್ಳೇಗಾಲ 1956ರವರೆಗೂ ಮದರಾಸಿನ ಆಡಳಿತದಲ್ಲಿದ್ದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತಲ್ಲ. ಊರಿಗೆ ಹೋಗಿ ಎಲ್ಲರಿಗೂ ಹೇಳಬೇಕು ಅನ್ನಿಸಿತು.

ರಾತ್ರಿ ಮಲಗಿದಾಗ ಆ ಸಂತೋಷದ ಮೇಲೆಯೇ ಅನುಮಾನ ಬಂತು. ಸ್ಯಾಂಡರ್ಸನ್ನನ ಕಥೆಯನ್ನು ಮುದ್ರೆ, ಬೋರು, ಮದ್ದು ಎಂದು ಕೂದಲು ಸೀಳಿ ನೋಡಿದವಳು, ಡಾಬಿನ ಕಥೆಯನ್ನು ಒಂದು ಮಾತಿಗೆ ನಂಬಿಬಿಟ್ಟೆನಲ್ಲ, ಏಕೆ? ಅದು ನನಗೆ ಹಿಡಿಸುವ ಕಥೆ, ಅದಕ್ಕೆ. ಮುತ್ತಜ್ಜನಿಗೆ ದೊರೆಯ ಮೆಚ್ಚುಗೆ ಬೇಕಿದ್ದ ಹಾಗೆ ನನಗೆ ಮುತ್ತಜ್ಜಿಯ ಅನ್ಯಾಯ ಬೇಕಾಗಿತ್ತು. ಡಾಬಿನ ಮೇಲೆ ಮುದ್ರೆಯಿಲ್ಲ. ಡಾಬೇ ಇಲ್ಲ. ಅದು ಬರಗಾಲದಲ್ಲಿ ಹೋಗಿರಬಹುದು, ಸಾಲಕ್ಕೆ ಹೋಗಿರಬಹುದು, ಮಗಳ ಮದುವೆಗೆ ಹೋಗಿರಬಹುದು. ಆಗ ಬೆಟ್ಟದ ಮೇಲೆ ಕಾಫಿ ತೋಟಗಳು ಬಂದಿದ್ದವು, ಬಿಳಿಯರ ಶಿಕಾರಿಯೂ ಇತ್ತು. ಕೋವಿಯನ್ನು ಬೇರೆ ಯಾರೋ ದೊರೆ ನಿಜವಾಗಿಯೂ ಕೊಟ್ಟಿರಬಹುದು, ಹೆಸರು ಮಾತ್ರ ಪ್ರಸಿದ್ಧನಾದ ಸ್ಯಾಂಡರ್ಸನ್ನನದಾಗಿ ನಿಂತಿರಬಹುದು. ಮೇಸ್ತ್ರಿ ತೋರಿಸಿದ ಮುದ್ರೆಗಳು ಒಂದು ಕಥೆಯನ್ನು ಕೆಡವಿದವು ಅಷ್ಟೇ. ಖಾಲಿಯಾದ ಆ ಜಾಗದಲ್ಲಿ ನನಗೆ ಬೇಕಾದದ್ದನ್ನು ಕೂರಿಸಲು ಅವು ನನಗೆ ಅಪ್ಪಣೆ ಕೊಡಲಿಲ್ಲ.

ಇನ್ನೊಂದನ್ನೂ ಯೋಚಿಸಿದೆ. ಎರಡು ಕಥೆಗಳಲ್ಲೂ ಬಾರದವರೊಬ್ಬರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಯಾರು ಕೋವಿ ಹಿಡಿದು ನಡೆದರೂ ಮುಂದೆ ಹೆಜ್ಜೆ ಗುರುತು ಹಿಡಿದು ನಡೆದವನು ಸೋಲಿಗ, ಅದೂ ಬರಿಗೈಯಲ್ಲಿ. ಅವನ ಕಾಡಿನ ಹಕ್ಕೇ ಕಾಗದದ ಮೇಲೆ ಬರಲು 2011 ಆಗಬೇಕಾಯಿತು. ನಮ್ಮ ಮುತ್ತಜ್ಜ ದಾರಿ ತೋರಿಸಿದನೋ, ಅಥವಾ ಅವನಿಗೂ ದಾರಿ ತೋರಿಸಿದವನೊಬ್ಬನಿದ್ದನೋ?

ಕೊಳ್ಳುವವರಿಗೆ ಮೇಸ್ತ್ರಿ ಹೇಳಿದ್ದಷ್ಟನ್ನೇ ಬರೆದು ಕಳಿಸಿದೆವು. ಅವರು ಮತ್ತೆ ಮಾತೆತ್ತಲಿಲ್ಲ. ಕೋವಿ ಇನ್ನೂ ಮೈಸೂರಿನ ಅಂಗಡಿಯಲ್ಲೇ ಇದೆ. ಮಾವನ ಮಗ ಬಾಡಿಗೆ ಕಟ್ಟುತ್ತಾ, ಲೈಸೆನ್ಸಿಗೆ ಅರ್ಜಿ ಹಾಕಿಕೊಂಡು ಕಾಯುತ್ತಿದ್ದಾನೆ. ಅರ್ಜಿಯಲ್ಲಿ ಹೇಗೆ ಬಂದದ್ದು ಎಂಬಲ್ಲಿ ‘ವಂಶಪಾರಂಪರ್ಯವಾಗಿ’ ಎಂದು ಬರೆದ. ಅದಂತೂ ನಿಜ.

ನಾನು ಮೊಮ್ಮಕ್ಕಳಿಗೆಂದು ಒಂದು ನೋಟ್‌ಬುಕ್ಕಿನಲ್ಲಿ ಇದನ್ನೆಲ್ಲ ಬರೆದಿಟ್ಟೆ. ಕಬ್ಬಿಣದ ಮೇಲೆ ಇರುವುದು ಒಂದು ಕಡೆ; ಬಾಯಿಂದ ಕೇಳಿದ್ದು ಇನ್ನೊಂದು ಕಡೆ, ಯಾರು ಯಾರಿಗೆ ಹೇಳಿದ್ದು ಎಂಬುದರ ಸಮೇತ. ಬಾಯಿಮಾತಿನ ಕಡೆ ಡಾಬಿನದು ಮಾತ್ರ ಇತ್ತು. ಓದಿ ಹೇಳಿದಾಗ ಅತ್ತೆ ಕೈಯೆತ್ತಿ ತಡೆದರು.

‘ದೊರೆ ಕಥೆ ಎಲ್ಲಿ?’

‘ಅದು ಸುಳ್ಳೂಂತ ಆಯ್ತಲ್ಲ ಅತ್ತೆ.’

‘ಆದ್ರೇನು, ಅದ್ನೂ ಬರಿ. ಅರವತ್ತೇಳು ವರ್ಸ ನಾನು ಹೇಳಿಲ್ವಾ? ಹೇಳ್ದೋಳು ಯಾರು ಅಂತ ಕೆಳ್ಗೆ ನನ್ನೆಸ್ರು ಹಾಕು.’